ನಾಲ್ಕು ಕಡೆ ಇದ್ದ ಹಾಡು ಎಲ್ಲಿ ಹೋಯಿತು?

ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ದೊಡ್ಡ ಹುಡುಕಾಟ ನಡೆಯಿತು. ಆರನೇ ತರಗತಿಯ ನನ್ನ ಮೊಮ್ಮಗಳಿಗೆ ಒಂದು ಗೌರಿ ಹಾಡು ಬೇಕಿತ್ತು. "ಅಜ್ಜ, ಬೇಸಿಗೆ ರಜೆಯಲ್ಲಿ ಮುತ್ತಜ್ಜಿ ಹೇಳಿದ್ಳಲ್ಲ, ಆ ಹಾಡು ಹಾಕು. ನಾನು ಕಲಿತು ನಾಳೆ ಪೂಜೆಗೆ ಹೇಳ್ತೀನಿ" ಎಂದಳು.

ಮುತ್ತಜ್ಜಿ ಎಂದರೆ ನನ್ನ ಅಮ್ಮ. ವಯಸ್ಸು 86. ತೀರ್ಥಹಳ್ಳಿ ಹತ್ತಿರದ ನಮ್ಮ ಊರಿನಲ್ಲೇ ಇದ್ದಾಳೆ. ಬೀಸುವ ಹಾಡು, ಲಾಲಿ, ಆರತಿ ಹಾಡು, ಹಸೆಗೆ ಕರೆಯುವ ಹಾಡು ಎಲ್ಲ ಅವಳ ಬಾಯಲ್ಲೇ ಇವೆ. ಪುಸ್ತಕದಲ್ಲಿ ಬರೆದಿಟ್ಟವಳಲ್ಲ. ಎರಡು ವರ್ಷದಿಂದ ಊರಿಗೆ ಹೋದಾಗಲೆಲ್ಲ ನಾನು ಅವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಒಟ್ಟು 41 ಹಾಡು ಸೇರಿದ್ದವು.

ಮೊಬೈಲಿನಲ್ಲಿ ಹುಡುಕಿದೆ. ಇಲ್ಲ. ಟ್ಯಾಬ್ಲೆಟ್ಟಿನಲ್ಲಿ ನೋಡಿದೆ. ಇಲ್ಲ. ಮನೆಯ ಕಂಪ್ಯೂಟರಿನಲ್ಲೂ ಇಲ್ಲ, ಇಂಟರ್ನೆಟ್ಟಿನ ಆಚೆ ಇರುವ ಕ್ಲೌಡ್ ಖಾತೆಯಲ್ಲೂ ಇಲ್ಲ. ಆಗ ನೆನಪಾಯಿತು. ಜೂನ್ ಕೊನೆಯಲ್ಲಿ ಮೊಬೈಲಿನ ಜಾಗ ತುಂಬಿದೆ ಎಂದು ಸೂಚನೆ ಬಂದಿತ್ತು. ಒಂದು ಫೋಲ್ಡರ್ ಎರಡೆರಡು ಸಲ ಇದೆ ಎಂದುಕೊಂಡು ನಾನೇ ಅಳಿಸಿದ್ದೆ. ಅದು ಎರಡನೆಯದಲ್ಲ, ಇದ್ದದ್ದೇ ಅದು. ಅಳಿಸಿದ್ದನ್ನು ಕಸದ ಬುಟ್ಟಿಯಲ್ಲಿ 30 ದಿನ ಇಟ್ಟಿರುವ ವ್ಯವಸ್ಥೆಯೂ ಇತ್ತು. ಆದರೆ ನಾನು ಹುಡುಕಿದ್ದು ಎರಡು ತಿಂಗಳ ನಂತರ.

ಮೊಮ್ಮಗಳು ಕೇಳಿದಳು: "ಅಜ್ಜ, ಹಾಡು ನಾಲ್ಕು ಕಡೆ ಇತ್ತಲ್ಲ. ನೀನು ಅಳಿಸಿದ್ದು ಒಂದು ಕಡೆ. ನಾಲ್ಕೂ ಕಡೆ ಹೇಗೆ ಹೋಯ್ತು?"

ನನಗೆ ನಾಚಿಕೆಯಾಯಿತು. ಏಕೆಂದರೆ ನಿವೃತ್ತಿಯಾಗುವವರೆಗೂ ನಾನು ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದವನು. ಜನರ ಲೆಕ್ಕ ಕಳೆದುಹೋಗದಂತೆ ಕಾಯುವುದೇ ನನ್ನ ಕೆಲಸವಾಗಿತ್ತು. ಅವಳ ಪ್ರಶ್ನೆಗೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮನೆಯಲ್ಲಿ ಪಾಲಿಸಿರಲಿಲ್ಲ. ಅವಳಿಗೆ ಹೇಳಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಜೊತೆಜೊತೆಗೇ ಬರೆಯುವ ಪ್ರತಿ

ನಿಮ್ಮ ಪಾಸ್‌ಬುಕ್ಕಿನಲ್ಲಿ ಅಚ್ಚಾಗುವ ಅಂಕಿಗಳು ನೀವು ಹೋಗುವ ಶಾಖೆಯಲ್ಲಿ ಇರುವುದಿಲ್ಲ. ದೂರದ ಒಂದು ಡೇಟಾ ಸೆಂಟರಿನಲ್ಲಿ, ಸಾಲುಸಾಲು ಕಪಾಟಿನಂಥ ಯಂತ್ರಗಳೊಳಗೆ ಇರುತ್ತವೆ. ಹಗಲು ರಾತ್ರಿ ತಣ್ಣಗಿರುವ ಕೋಣೆ, ಫ್ಯಾನುಗಳ ಮೊರೆತ. ನಮ್ಮ ಅಜ್ಜ-ಅಜ್ಜಿಯರಿಗೆ ಪಹಣಿ ಗೊತ್ತೇ ಇದೆ. ಒಂದು ಕಾಲಕ್ಕೆ ಅದು ಕೈಬರಹದ ಪುಸ್ತಕದಲ್ಲಿತ್ತು. 'ಭೂಮಿ' ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಹೊಲ, ಹಣ, ಅಂಕಪಟ್ಟಿ, ರೈಲು ಟಿಕೆಟ್ ಎಲ್ಲವೂ ಈಗ ಇಂಥ ಯಂತ್ರಗಳಲ್ಲೇ ಇವೆ.

ಅಲ್ಲಿಗೆ ಬೆಂಕಿ ಬಿದ್ದರೆ? ಬಿದ್ದದ್ದುಂಟು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಇಡಿಯಾಗಿ ಸುಟ್ಟುಹೋಯಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿದ್ದವರು ಉಳಿದರು. ಅಸಲು, ನಕಲು ಎರಡನ್ನೂ ಅಲ್ಲೇ ಇಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು.

ಇದಕ್ಕೆ ಪರಿಹಾರವಾಗಿ ದೊಡ್ಡ ಸಂಸ್ಥೆಗಳು ರೆಪ್ಲಿಕೇಷನ್ ಎಂಬ ಉಪಾಯ ಮಾಡುತ್ತವೆ. ಇಬ್ಬರು ಗುಮಾಸ್ತರನ್ನು ಕಲ್ಪಿಸಿಕೊಳ್ಳಿ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಮುಂಬೈಯಲ್ಲಿ. ಇಬ್ಬರ ಮುಂದೂ ಒಂದೇ ಬಗೆಯ ಲೆಕ್ಕದ ಪುಸ್ತಕ. ಬೆಂಗಳೂರಿನವರು ಒಂದು ಸಾಲು ಬರೆದೊಡನೆ ಅದನ್ನೇ ಫೋನಿನಲ್ಲಿ ಹೇಳುತ್ತಾರೆ. ಮುಂಬೈಯವರು ತಮ್ಮ ಪುಸ್ತಕದಲ್ಲೂ ಅದನ್ನೇ ಬರೆಯುತ್ತಾರೆ. ಬೆಂಗಳೂರಿನ ಪುಸ್ತಕ ಸುಟ್ಟರೂ ಮುಂಬೈಯದು ಇರುತ್ತದೆ.

ಇದರಲ್ಲಿ ಎರಡು ಬಗೆ. ಮೊದಲ ಬಗೆಯಲ್ಲಿ, ಆ ಕಡೆಯವರು "ಬರೆದೆ" ಎಂದು ಹೇಳುವವರೆಗೂ ಈ ಕಡೆಯವರು ಗಿರಾಕಿಗೆ "ಆಯಿತು" ಎನ್ನುವುದಿಲ್ಲ. ಒಂದು ಸಾಲೂ ತಪ್ಪುವುದಿಲ್ಲ. ಆದರೆ ಪ್ರತಿ ಸಾಲಿಗೂ ಕಾಯಬೇಕು. ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ಲಿನ ದಾರಿ 1000 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಅಷ್ಟೇ ತಾನೆ ಎನ್ನಬೇಡಿ. ಒಂದಾದ ಮೇಲೊಂದರಂತೆ ಸಾವಿರ ಸಾಲು ಬರೆಯುವಾಗ ಬರೀ ಕಾಯುವುದಕ್ಕೇ 10 ಸೆಕೆಂಡ್ ಹೋಗುತ್ತದೆ. ಎಟಿಎಂ ಮುಂದಿನ ಸಾಲು ಬೀದಿಗೆ ಬರುತ್ತದೆ! ಹಾಗಾಗಿ ಈ ಬಗೆಯನ್ನು ಹತ್ತಿರದ ಕೇಂದ್ರಗಳ ನಡುವೆ, ಸಾಮಾನ್ಯವಾಗಿ ನೂರು ಕಿಲೋಮೀಟರಿನ ಒಳಗೆ, ಬಳಸುತ್ತಾರೆ.

ಎರಡನೆಯ ಬಗೆಯಲ್ಲಿ ಕಾಯುವುದಿಲ್ಲ. ಇಲ್ಲಿ ಬರೆದು ಮುಗಿಸಿ, ಅಲ್ಲಿಗೆ ಬೆನ್ನಹಿಂದೆಯೇ ಕಳಿಸುತ್ತಾರೆ. ಎಷ್ಟು ದೂರವಾದರೂ ಸರಿ. ಆದರೆ ದೂರದ ಪುಸ್ತಕ ಕೆಲವು ಸೆಕೆಂಡೋ ನಿಮಿಷವೋ ಹಿಂದೆ ಇರುತ್ತದೆ. ಬೆಂಗಳೂರಿನಲ್ಲಿ ಅವಘಡವಾದರೆ ಆ ಕೊನೆಯ ಕೆಲವು ಸಾಲು ಸಿಗದೆ ಹೋಗಬಹುದು. ಎಷ್ಟು ಹೊತ್ತಿನ ಲೆಕ್ಕ ಕಳೆದರೆ ತಡೆದುಕೊಳ್ಳಬಹುದು ಎಂದು ಪ್ರತಿ ಸಂಸ್ಥೆಯೂ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ನಮ್ಮಲ್ಲಿ ಸಭೆಗಳಲ್ಲಿ ಹೆಚ್ಚು ವಾದ ನಡೆಯುತ್ತಿದ್ದುದೇ ಈ ಮಾತಿನ ಮೇಲೆ.

ಎರಡನೆಯ ಕೇಂದ್ರ ಇದ್ದರೆ ಸಾಲದು, ಅದು ಕೆಲಸ ಮಾಡುತ್ತದೆಯೇ ಎಂದು ನೋಡುತ್ತಲೂ ಇರಬೇಕು. 2024ರ ಮಾರ್ಚ್ 2, ಶನಿವಾರ. ರಜೆಯ ದಿನವಾದರೂ ನಮ್ಮ ದೇಶದ ಷೇರುಪೇಟೆಗಳು ಅಂದು ತೆರೆದಿದ್ದವು. ಮೊದಲು 45 ನಿಮಿಷ ಮುಖ್ಯ ಕೇಂದ್ರದಿಂದ ವ್ಯವಹಾರ ನಡೆಸಿ, ಆಮೇಲೆ ಒಂದು ಗಂಟೆ ಎರಡನೆಯ ಕೇಂದ್ರದಿಂದ ನಡೆಸಿದರು. ಬೆಂಕಿ ಬೀಳುವ ಮೊದಲೇ ಬೆಂಕಿಯ ಅಭ್ಯಾಸ ಮಾಡಿದ ಹಾಗೆ.

ತಪ್ಪೂ ನಕಲಾಗುತ್ತದೆ

ಇಲ್ಲಿಯವರೆಗೆ ಕೇಳಿದ ಮೊಮ್ಮಗಳು, "ಹಾಗಾದರೆ ಮುಂಬೈಯವರ ಹತ್ರ ಹಾಡು ಇರಬೇಕಿತ್ತಲ್ಲ!" ಎಂದಳು.

ಇರುವುದಿಲ್ಲ ಪುಟ್ಟಿ. ಬೆಂಗಳೂರಿನ ಗುಮಾಸ್ತರು, "ಹತ್ತನೇ ಪುಟ ಹರಿದು ಹಾಕಿ" ಎಂದರೆ ಮುಂಬೈಯವರು ಏನು ಮಾಡುತ್ತಾರೆ? ಹೇಳಿದ್ದನ್ನು ಮಾಡುವುದೇ ಅವರ ಕೆಲಸ. ಅವರೂ ಹರಿಯುತ್ತಾರೆ. ಇದು ಬೇಕೆಂದು ಮಾಡಿದ್ದೋ, ಕೈತಪ್ಪಿ ಆದದ್ದೋ ಎಂದು ಯಂತ್ರ ಕೇಳುವುದಿಲ್ಲ. ನನ್ನ ಮೊಬೈಲು, ಟ್ಯಾಬ್ಲೆಟ್ಟು, ಕಂಪ್ಯೂಟರು, ಕ್ಲೌಡು ನಾಲ್ಕೂ ಹೀಗೆ ಒಂದಕ್ಕೊಂದು ಜೋಡಣೆಯಾಗಿದ್ದವು. ಒಂದು ಕಡೆ ಅಳಿಸಿದೆ, ಉಳಿದ ಮೂರೂ ವಿಧೇಯತೆಯಿಂದ ಅಳಿಸಿದವು. ನಾಲ್ಕು ಪ್ರತಿ ಎಂದುಕೊಂಡಿದ್ದೆ. ನಿಜವಾಗಿ ಇದ್ದದ್ದು ಒಂದೇ ಹಾಡಿನ ನಾಲ್ಕು ಕನ್ನಡಿ.

ನಮ್ಮ ಹಿರಿಯರಿಗೆ ಪ್ರತಿ ಮಾಡುವ ಬೆಲೆ ಗೊತ್ತಿತ್ತು. ಸಾವಿರ ವರ್ಷಗಳ ಹಿಂದೆ, ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆ, ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಮುದ್ರಣ ಯಂತ್ರವಿಲ್ಲದ ಕಾಲ. ಓಲೆಗರಿಯ ಮೇಲೆ ಒಂದೊಂದನ್ನೂ ಕೈಯಿಂದಲೇ ಕೊರೆಯಬೇಕು. ಮನೆ ಸುಟ್ಟರೂ, ಮಳೆಯಲ್ಲಿ ನೆನೆದರೂ, ಗೆದ್ದಲು ತಿಂದರೂ ಎಲ್ಲೋ ಒಂದು ಪ್ರತಿ ಉಳಿಯುತ್ತದೆ. ಆದರೆ ಓಲೆಗರಿಯ ಪ್ರತಿಗೆ ಒಂದು ಒಳ್ಳೆಯ ಗುಣವಿತ್ತು. ಒಮ್ಮೆ ಬರೆದು ಕೊಟ್ಟ ಮೇಲೆ ಅದು ಸ್ವತಂತ್ರ. ಒಂದು ಊರಿನಲ್ಲಿ ಯಾರೋ ಗರಿ ಮುರಿದರೆ ಇನ್ನೊಂದು ಊರಿನ ಗರಿ ಮುರಿಯುತ್ತಿರಲಿಲ್ಲ. ನನ್ನ ಮೊಬೈಲಿನ ನಾಲ್ಕು ಪ್ರತಿಗೆ ಇಲ್ಲದೆ ಹೋದದ್ದು ಆ ಸ್ವಾತಂತ್ರ್ಯ.

ಆ ಕ್ಷಣದ ಪ್ರತಿ

ತಪ್ಪಿನಿಂದ ಪಾರಾಗಲು ಬೇಕಾದದ್ದು ಬೇರೆ ಬಗೆಯ ಪ್ರತಿ. "ಈಗ ಹೇಗಿದೆಯೋ ಹಾಗೆ" ಅಲ್ಲ, "ಅಂದು ಹತ್ತು ಗಂಟೆಗೆ ಹೇಗಿತ್ತೋ ಹಾಗೆ". ಗುಂಪಿನ ಫೋಟೊ ತೆಗೆದಂತೆ. ಫೋಟೊ ತೆಗೆದ ಮೇಲೆ ಒಬ್ಬರು ಎದ್ದು ಹೋದರೂ ಫೋಟೊದಲ್ಲಿ ಅವರು ಇದ್ದೇ ಇರುತ್ತಾರೆ. ಅದಕ್ಕೇ ಇದರ ಹೆಸರೂ ಸ್ನ್ಯಾಪ್‌ಶಾಟ್.

ಕೇಳಲು ಸುಲಭ, ಮಾಡಲು ಕಷ್ಟ. ನೂರು ಪುಟದ ಲೆಕ್ಕದ ಪುಸ್ತಕವನ್ನು ನಕಲು ಮಾಡಲು ಕೂತಿದ್ದೀರಿ ಎನ್ನಿ. ಬ್ಯಾಂಕ್ ಮುಚ್ಚುವಂತಿಲ್ಲ, ಬರೆಯುವವರು ಬರೆಯುತ್ತಲೇ ಇದ್ದಾರೆ. ಮೊದಲ ಪುಟದಲ್ಲಿ ಅಜ್ಜನ ಖಾತೆ, 500 ರೂಪಾಯಿ ಇದೆ. ಅದನ್ನು ನಕಲು ಮಾಡಿ ಮುಂದೆ ಹೋದಿರಿ. ಅಷ್ಟರಲ್ಲಿ ಅಜ್ಜ ಆ 500ನ್ನು ಮೊಮ್ಮಗಳ ಖಾತೆಗೆ ಕಳಿಸಿದ. ನೀವು ಕೊನೆಯ ಪುಟಕ್ಕೆ ಬಂದಾಗ ಮೊಮ್ಮಗಳ ಖಾತೆಯಲ್ಲಿ 500 ಇದೆ. ಅದನ್ನೂ ನಕಲು ಮಾಡಿದಿರಿ. ಈಗ ನಿಮ್ಮ ನಕಲಿನಲ್ಲಿ ಅಜ್ಜನ ಬಳಿಯೂ 500, ಮೊಮ್ಮಗಳ ಬಳಿಯೂ 500! ಇಲ್ಲದ ಹಣ ಹುಟ್ಟಿತು. ಇಂಥ ನಕಲು ಯಾವ ಕ್ಷಣದ ಸತ್ಯವೂ ಅಲ್ಲ.

ಇದಕ್ಕೆ ಎಂಜಿನಿಯರುಗಳು ಒಂದು ಜಾಣತನ ಕಂಡುಕೊಂಡರು. ಹತ್ತು ಗಂಟೆಗೆ ಏನನ್ನೂ ನಕಲು ಮಾಡಬೇಡಿ. "ಇದು ಹತ್ತು ಗಂಟೆ" ಎಂದು ಒಂದು ಗುರುತು ಮಾತ್ರ ಹಾಕಿ. ಕಣ್ಣು ಮಿಟುಕಿಸುವಷ್ಟರ ಕೆಲಸ. ಇನ್ನು ಮುಂದೆ ಯಾವುದೇ ಪುಟವನ್ನು ಮೊದಲ ಸಲ ತಿದ್ದುವ ಮುನ್ನ, ಆ ಹಳೆಯ ಪುಟದ ಒಂದು ಪ್ರತಿಯನ್ನು ಪಕ್ಕದ ಕಡತದಲ್ಲಿ ಹಾಕಿ, ಆಮೇಲೆ ತಿದ್ದಿ. ಅಷ್ಟೇ ನಿಯಮ.

ಸಂಜೆ ಯಾರೋ ಬಂದು "ಹತ್ತು ಗಂಟೆಯ ಪುಸ್ತಕ ತೋರಿಸಿ" ಎಂದರೆ? ಒಂದೊಂದೇ ಪುಟಕ್ಕೆ ಮೊದಲು ಕಡತ ನೋಡಿ. ಅಲ್ಲಿದ್ದರೆ ಅದೇ ಹತ್ತು ಗಂಟೆಯ ಪುಟ. ಇಲ್ಲದಿದ್ದರೆ ಆ ಪುಟ ಬದಲಾಗಿಯೇ ಇಲ್ಲ, ಪುಸ್ತಕದಲ್ಲಿ ಇರುವುದೇ ಸರಿ. ನೂರರಲ್ಲಿ ಮೂರು ಪುಟ ಮಾತ್ರ ಬದಲಾಗಿದ್ದರೆ ಕಡತದಲ್ಲಿ ಮೂರೇ ಪುಟ. ಜಾಗವೂ ಉಳಿಯಿತು, ಹೊತ್ತೂ ಉಳಿಯಿತು, ಅಜ್ಜನ 500 ರೂಪಾಯಿಯೂ ಒಂದೇ ಕಡೆ ಇತ್ತು. ಕೆಲವು ಯಂತ್ರಗಳು ಇದನ್ನೇ ತಿರುಗಿಸಿ ಮಾಡುತ್ತವೆ. ಹಳೆಯ ಪುಟವನ್ನು ಇದ್ದಲ್ಲೇ ಬಿಟ್ಟು, ಹೊಸದನ್ನು ಬೇರೆ ಹಾಳೆಯಲ್ಲಿ ಬರೆಯುತ್ತವೆ. ಬೇಕೆಂದರೆ ಗಂಟೆಗೊಂದು ಗುರುತು ಹಾಕಬಹುದು.

ಆದರೆ ಇದಕ್ಕೂ ಒಂದು ಮಿತಿ ಇದೆ. ಮೂರು ಪುಟ ಕಡತದಲ್ಲಿದ್ದರೂ ಉಳಿದ 97 ಪುಟ ಮೂಲ ಪುಸ್ತಕದಲ್ಲೇ ಇವೆ. ಪುಸ್ತಕ ಸುಟ್ಟರೆ ಸ್ನ್ಯಾಪ್‌ಶಾಟೂ ಹೋಯಿತು. ಆದ್ದರಿಂದ ಎರಡೂ ಬೇಕು. ಬೇರೆ ಜಾಗದ ಪ್ರತಿ ಬೆಂಕಿ, ನೀರಿನಿಂದ ಕಾಯುತ್ತದೆ. ಬೇರೆ ಕಾಲದ ಪ್ರತಿ ನಮ್ಮ ಕೈತಪ್ಪಿನಿಂದ ಕಾಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಉಳಿದ ಎರಡು ಕಥೆಗಳು

2017ರ ಜನವರಿ 31ರ ರಾತ್ರಿ. ಗಿಟ್‌ಲ್ಯಾಬ್ ಎಂಬ ಕಂಪನಿ, ಕಂಪ್ಯೂಟರ್ ಕಾರ್ಯಕ್ರಮ ಬರೆಯುವ ಜನರ ಕೆಲಸವನ್ನು ಕಾಪಾಡಿಡುವ ಸಂಸ್ಥೆ. ಅವರ ಎರಡನೆಯ ಯಂತ್ರ ಮೊದಲನೆಯದಕ್ಕಿಂತ ಹಿಂದೆ ಬಿದ್ದಿತ್ತು. ತಡರಾತ್ರಿವರೆಗೆ ದುಡಿದು ದಣಿದಿದ್ದ ಒಬ್ಬ ಎಂಜಿನಿಯರ್, ಎರಡನೆಯ ಯಂತ್ರವನ್ನು ಖಾಲಿ ಮಾಡಿ ಮತ್ತೆ ತುಂಬೋಣ ಎಂದುಕೊಂಡು, ಮೊದಲನೆಯ ಯಂತ್ರದಲ್ಲೇ ಅಳಿಸುವ ಆದೇಶ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ದಿನಾ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ತೆಗೆದು ನೋಡಿದರೆ ಖಾಲಿ! ಅದು ಆಗುತ್ತಲೇ ಇರಲಿಲ್ಲ, ಯಾರೂ ನೋಡಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಆರು ಗಂಟೆ ಮೊದಲು ಬೇರಾವುದೋ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಯ ಕೆಲಸ ಹೋಯಿತು, ಉಳಿದದ್ದೆಲ್ಲ ಬಂತು. ಆ ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ತಾವು ಎಲ್ಲಿ ಎಡವಿದೆವು ಎಂದು ಎಲ್ಲರಿಗೂ ಬರೆದು ತಿಳಿಸಿತು. ನಮ್ಮಂಥವರು ಅದನ್ನು ಓದಿ ಕಲಿತೆವು.

ಇನ್ನೊಂದು ಕಥೆ ಮಕ್ಕಳಿಗೆ ಹೆಚ್ಚು ಇಷ್ಟ. 'ಟಾಯ್ ಸ್ಟೋರಿ 2' ಚಿತ್ರ ನೋಡಿದ್ದೀರಾ? ವುಡಿ, ಬಝ್ ಎಂಬ ಗೊಂಬೆಗಳ ಕಥೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ಅದು ತಯಾರಾಗುತ್ತಿತ್ತು. ಒಂದು ದಿನ ಯಾರೋ ಕೊಟ್ಟ ತಪ್ಪು ಆದೇಶದಿಂದ ಚಿತ್ರದ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದವು. ವುಡಿಯ ಟೋಪಿ ಹೋಯಿತು, ಬೂಟು ಹೋಯಿತು, ಆಮೇಲೆ ವುಡಿಯೇ ಹೋದ. ಬ್ಯಾಕಪ್ ಟೇಪು ನೋಡಿದರೆ ಅದೂ ಕೆಟ್ಟಿತ್ತು. ಆಗ ಗ್ಯಾಲಿನ್ ಸಸ್‌ಮನ್ ಎಂಬ ತಂತ್ರಜ್ಞೆಗೆ ನೆನಪಾಯಿತು. ಮನೆಯಲ್ಲಿ ಎಳೆಯ ಮಗು ಇದ್ದುದರಿಂದ ಮನೆಯಿಂದಲೇ ಕೆಲಸ ಮಾಡಲು ಅವರು ಚಿತ್ರದ ಪ್ರತಿಯೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಮೆಲ್ಲಗೆ ಕೂಸಿನಂತೆ ಸ್ಟುಡಿಯೋಕ್ಕೆ ತಂದರು. ಮರುವರ್ಷ ಚಿತ್ರ ಬಿಡುಗಡೆಯಾಯಿತು. ಗಮನಿಸಿ ಮಕ್ಕಳೇ: ಅದು ಬೇರೆ ಜಾಗದಲ್ಲಿತ್ತು, ಹಿಂದಿನ ಕಾಲದ್ದೂ ಆಗಿತ್ತು. ಅದಕ್ಕೇ ಉಳಿಯಿತು.

ನಮ್ಮ ಹಾಡುಗಳು

ಸರಿ, ನಮ್ಮ 41 ಹಾಡು ಏನಾದವು? ಯುಗಾದಿಯ ದಿನ ನಾನು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಅಂದು ಇದ್ದದ್ದು 34 ಹಾಡು. ಆ 34ನ್ನು ಅಂದಿನ ರಾತ್ರಿಯೇ ತೆಗೆದೆ. ಬೇಸಿಗೆ ರಜೆಯಲ್ಲಿ ಮುದ್ರಿಸಿದ ಏಳು ಹಾಡು ಹೋಗಿದ್ದವು. ಯುಗಾದಿಯ ನಂತರ ಇನ್ನೊಂದು ಪ್ರತಿ ತೆಗೆಯದೆ ಇದ್ದದ್ದಕ್ಕೆ ನಾನು ತೆತ್ತ ಬೆಲೆ ಅದು. ಗೌರಿ ಹಾಡೂ ಆ ಏಳರಲ್ಲಿ ಒಂದು.

ಹಬ್ಬ ಮುಗಿದ ವಾರ ಊರಿಗೆ ಹೋದೆವು. ಅಮ್ಮನಿಗೆ ವಿಷಯ ಹೇಳಿದೆ. ಬೈಯಲಿಲ್ಲ. "ಅಷ್ಟು ಓದಿ ಅಷ್ಟು ದೊಡ್ಡ ಕೆಲಸದಲ್ಲಿದ್ದು ಏಳು ಹಾಡು ಇಟ್ಟುಕೊಳ್ಳಲು ಆಗಲಿಲ್ವೇನೋ" ಎಂದು ನಕ್ಕಳು. ಜಗಲಿಯಲ್ಲಿ ಕೂತು ಮತ್ತೆ ಹಾಡಿದಳು. ಐದು ಹಾಡು ಬಂದವು. ಆರನೆಯದರ ಎರಡು ಸಾಲು ಹೇಳಿ ನಿಂತಳು. ಮುಂದಿನದು ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ಯೋಚಿಸಿದರೂ ಬರಲಿಲ್ಲ. "ಮೇ ತಿಂಗಳಲ್ಲಿ ಇತ್ತು ಕಣೋ, ಈಗ ಇಲ್ಲ" ಎಂದಳು. ಆಗ ನನಗೆ ಆದ ನೋವು ಬ್ಯಾಂಕಿನ ಯಾವ ಯಂತ್ರ ಕೆಟ್ಟಾಗಲೂ ಆಗಿರಲಿಲ್ಲ.

ಮೊಮ್ಮಗಳೇ ದಾರಿ ತೋರಿಸಿದಳು. "ಮುತ್ತಜ್ಜಿ, ಈ ಹಾಡು ಇನ್ಯಾರಿಗೆ ಬರುತ್ತೆ?" ಸಾಗರದಲ್ಲಿರುವ ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ಅಕ್ಕ-ತಂಗಿ ಇಬ್ಬರೂ ತಮ್ಮ ತಾಯಿಯಿಂದಲೇ ಕಲಿತವರು. ಚಿಕ್ಕಮ್ಮ ಆರನೆಯ ಹಾಡನ್ನು ಪೂರ್ತಿ ಹೇಳಿದಳು. ನಡುವೆ ಎರಡು ಮಾತು ಬೇರೆಯಾಗಿದ್ದವು. ಅದಕ್ಕಾಗಿ ಇಬ್ಬರೂ ಫೋನಿನಲ್ಲೇ ಸ್ವಲ್ಪ ಜಗಳವಾಡಿದರು! ಅದೇ ಗೌರಿ ಹಾಡು. ಏಳನೆಯದು ಇಬ್ಬರಿಗೂ ಬರಲಿಲ್ಲ. ಅದು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ.

ಈಗ ನಮ್ಮಲ್ಲಿ 40 ಹಾಡು ಇವೆ. ಒಂದು ಡಿಸ್ಕ್ ನಮ್ಮ ಬೀರುವಿನಲ್ಲಿ, ಒಂದು ಚಿಕ್ಕಮ್ಮನ ಮನೆಯಲ್ಲಿ. ಪ್ರತಿ ತಿಂಗಳ ಮೊದಲ ಭಾನುವಾರ ಮೊಮ್ಮಗಳು ಹೊಸ ಪ್ರತಿ ತೆಗೆದು, ದಿನಾಂಕ ಬರೆದು, ಒಂದು ಹಾಡನ್ನು ಹಾಕಿ ಕೇಳಿ ಪರೀಕ್ಷಿಸುತ್ತಾಳೆ. ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಇದಕ್ಕಿಂತ ಮುಖ್ಯ, ಹನ್ನೊಂದು ಹಾಡು ಅವಳಿಗೆ ಬಾಯಿಪಾಠ ಬಂದಿವೆ. ಗೌರಿ ಹಾಡು ಅದರಲ್ಲಿ ಮೊದಲನೆಯದು.

ಮನೆಯಲ್ಲಿ ಮಾಡಿ ನೋಡಿ

ಮಕ್ಕಳೇ, ಹತ್ತು ಹಾಳೆಯ ಒಂದು ಪುಸ್ತಕ ಮಾಡಿ. ಒಂದೊಂದು ಹಾಳೆಯಲ್ಲಿ ಮನೆಯ ಒಬ್ಬೊಬ್ಬರ ಹೆಸರು, ಅವರ ಬಳಿ ಎಷ್ಟು ಹುಣಿಸೆಬೀಜ ಇದೆ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಈಗ ಗಂಟೆ ನೋಡಿ ಗುರುತು ಹಾಕಿ. ಬೀಜ ಕೊಟ್ಟು ತೆಗೆದುಕೊಂಡು ಆಟವಾಡಿ. ಯಾವುದೇ ಹಾಳೆಯನ್ನು ಮೊದಲ ಸಲ ತಿದ್ದುವ ಮೊದಲು ಹಳೆಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಅರ್ಧ ಗಂಟೆಯ ಬಳಿಕ ಡಬ್ಬಿಯ ಚೀಟಿ, ಪುಸ್ತಕ ಎರಡನ್ನೂ ನೋಡಿ ಗುರುತು ಹಾಕಿದ ಹೊತ್ತಿನ ಲೆಕ್ಕವನ್ನು ಮತ್ತೆ ಬರೆಯಿರಿ. ಒಟ್ಟು ಬೀಜ ಸರಿಹೊಂದಿದರೆ ನೀವು ಒಂದು ಸ್ನ್ಯಾಪ್‌ಶಾಟ್ ಮಾಡಿದ್ದೀರಿ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸ. ನಿಮ್ಮ ಮೊಬೈಲಿನಲ್ಲಿ ಕಳೆದುಕೊಳ್ಳಬಾರದ ಫೋಟೊ, ಧ್ವನಿ ಏನಿದೆಯೋ ಅದನ್ನು ಮೊಮ್ಮಕ್ಕಳ ಕೈಯಲ್ಲಿ ಈ ವಾರವೇ ಒಂದು ಪೆನ್‌ಡ್ರೈವಿಗೆ ಹಾಕಿಸಿ, ಬೇರೆ ಮನೆಯಲ್ಲಿ ಇಡಿಸಿ. ಹಾಕಿದ ಮೇಲೆ ಒಮ್ಮೆ ತೆರೆದು ನೋಡಿ. ನಿಮ್ಮ ಬಾಯಲ್ಲಿ ಮಾತ್ರ ಇರುವ ಹಾಡು, ಕಥೆ ಇದ್ದರೆ ಅದನ್ನೂ ಅವರಿಗೆ ಹೇಳಿಬಿಡಿ. ಮುಂದಿನ ಯುಗಾದಿಗೆ ಕಾಯಬೇಡಿ.